ಆನರ್ ಸೊಸೈಟಿಯ ಆಹ್ವಾನ: ಮಾನ ಯಾವುದು, ಮಾರಾಟ ಯಾವುದು?

ಅಮೆರಿಕದಲ್ಲಿ ಸಮಾಜಶಾಸ್ತ್ರ ಓದುವವರ ಇ-ಮೇಲ್‌ಗೆ ಬಗೆಬಗೆಯ ‘ಆನರ್ ಸೊಸೈಟಿ’ಗಳ, ಅಂದರೆ ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಗೌರವಿಸುವ ಸಂಘಗಳ, ಆಹ್ವಾನ ಬರುತ್ತಿರುತ್ತದೆ. ಹೆಸರು ಘನವಾಗಿರುತ್ತದೆ, ಕೆಳಗೆ ಶುಲ್ಕ ಕಟ್ಟುವ ಲಿಂಕ್ ಇರುತ್ತದೆ. ಇಲ್ಲಿಂದ ಹೋದ ನಮ್ಮ ಮಕ್ಕಳೂ ‘ಕಟ್ಟಲೋ ಬೇಡವೋ’ ಎಂದು ಕೇಳುತ್ತಾರೆ.

ಈ ಪದ್ಧತಿಯ ಮೂಲ 1776ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಫೈ ಬೀಟಾ ಕಪ್ಪ. ಆಮೇಲೆ ವಿಷಯಕ್ಕೊಂದು ಸಂಘ ಎದ್ದಿತು. ಸಮಾಜಶಾಸ್ತ್ರದ ಆಲ್ಫಾ ಕಪ್ಪ ಡೆಲ್ಟಾವನ್ನು 1920ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿದವರು ಎಮೋರಿ ಬೊಗಾರ್ಡಸ್. ಗುಂಪುಗುಂಪುಗಳ ನಡುವಿನ ‘ಸಾಮಾಜಿಕ ಅಂತರ’ವನ್ನು, ಅಂದರೆ ಒಂದು ಗುಂಪಿನವರು ಇನ್ನೊಂದು ಗುಂಪಿನವರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾರೆ ಎಂಬುದನ್ನು, ಅಳೆಯುವ ಮಾಪಕಕ್ಕೆ ಹೆಸರಾದವರೂ ಇವರೇ. ಆಯ್ದ ಕೆಲವರಿಗಷ್ಟೇ ಬಾಗಿಲು ತೆರೆಯುವ ಸಂಘ ಅವರ ಕೈಯಿಂದಲೇ ಆದದ್ದು ತಮಾಷೆ. ಸಂಘದ ಪತ್ರಿಕೆ 1961ರಲ್ಲಿ ‘ಸೋಶಿಯಲಾಜಿಕಲ್ ಇನ್‌ಕ್ವೈರಿ’ ಆಯಿತು, ಅದಕ್ಕೆ ಇಂದಿಗೂ ಓದುಗರಿದ್ದಾರೆ.

ಸಂಘಗಳು ಹೆಚ್ಚಾದಂತೆ ಗುಣಮಟ್ಟ ಕಾಯಲು 1925ರಲ್ಲಿ ಕಾಲೇಜು ಆನರ್ ಸೊಸೈಟಿಗಳ ಒಕ್ಕೂಟ ಬಂತು. ಆಲ್ಫಾ ಕಪ್ಪ ಡೆಲ್ಟಾ ಬಹುಕಾಲ ಪಾಲಿಸಿದ ನಿಯಮ ಹೀಗಿದೆ: ವಿದ್ಯಾರ್ಥಿ ಮೂರನೇ ವರ್ಷ ತಲುಪಿರಬೇಕು, ಸಮಾಜಶಾಸ್ತ್ರದ ಕನಿಷ್ಠ 4 ಕೋರ್ಸ್ ಮುಗಿಸಿರಬೇಕು, ಒಟ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.3, ವಿಷಯದಲ್ಲಿ 3.0 ಇರಬೇಕು, ತರಗತಿಯ ಮೇಲಿನ ಶೇ 35ರೊಳಗೆ ಬರಬೇಕು. ಎಡವುವುದು ಈ ಕೊನೆಯದರಲ್ಲಿ. ಅಂಕ ಧಾರಾಳವಾಗಿ ಕೊಡುವ ಕಾಲೇಜಿನಲ್ಲಿ 3.3 ಇದ್ದರೂ ಶೇ 35ರೊಳಗೆ ಬರಲಾಗದೆ ಹೋಗಬಹುದು. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಸದಸ್ಯತ್ವವಿಲ್ಲ.

ಶುಲ್ಕದ ಸಮರ್ಥನೆಗೆ ಸದಾ ಮುಂದಿಡುವುದು ಸರ್ಕಾರಿ ನೌಕರಿಯನ್ನು. ಅಮೆರಿಕದ ಫೆಡರಲ್ ಸರ್ಕಾರದ ಹಲವು ಹುದ್ದೆಗಳಿಗೆ ಬರೀ ಪದವಿ ಇದ್ದರೆ ಜಿಎಸ್-5 ದರ್ಜೆ (ಜಿಎಸ್ ಎಂದರೆ ಅಲ್ಲಿನ ಸರ್ಕಾರಿ ವೇತನ ಶ್ರೇಣಿ, ಅಂಕಿ ಏರಿದಂತೆ ಸಂಬಳವೂ ಏರುತ್ತದೆ), ಮಾನ್ಯ ಆನರ್ ಸೊಸೈಟಿಯ ಸದಸ್ಯತ್ವವಿದ್ದರೆ ನೇರ ಜಿಎಸ್-7. ನಿಜವೇ. ಆದರೆ ಒಟ್ಟು ಜಿಪಿಎ 3.0 ಇದ್ದರೂ ಅದೇ ಜಿಎಸ್-7 ಸಿಗುತ್ತದೆ! 3.3 ದಾಟಿ ಸಂಘ ಸೇರಿದವರಿಗೆ ಪ್ರಮಾಣಪತ್ರದಿಂದ ಇಲ್ಲಿ ಸಿಗುವ ಹೆಚ್ಚಿನ ಲಾಭ ಏನೂ ಇಲ್ಲ. ರೆಸ್ಯೂಮೆಗೆ ಒಂದು ಸಾಲು, ಪದವಿ ಪ್ರದಾನದ ದಿನ ಕೊರಳಿಗೆ ಒಂದು ದಾರ, ಅಷ್ಟೇ.

ಅಸಲಿ ಸಂಘದ ಗುರುತು ಒಂದೇ: ನಿಮ್ಮ ವಿಭಾಗದಲ್ಲೇ ಅದರ ಚಾಪ್ಟರ್ (ಶಾಖೆ) ಇರುತ್ತದೆ, ಅರ್ಹತೆ ಪರಿಶೀಲಿಸಿ ಹೆಸರು ಕಳಿಸುವ ಪ್ರಾಧ್ಯಾಪಕರಿರುತ್ತಾರೆ. ಇದು ಅವರಿಗೆ ಪಾಠದ ಮೇಲಿನ ಹೆಚ್ಚುವರಿ ಕೆಲಸ. ಅವರು ನಿವೃತ್ತರಾಗಿ ಬೇರೆಯವರು ವಹಿಸಿಕೊಳ್ಳದಿದ್ದರೆ ಚಾಪ್ಟರ್ ಮಲಗಿಬಿಡುತ್ತದೆ, ಅರ್ಹರಿಗೂ ದಾರಿಯಿಲ್ಲ. ಇ-ಮೇಲ್ ಸಂಘಗಳಿಗೆ ಈ ತಾಪತ್ರಯವಿಲ್ಲ, ಅವುಗಳ ಲಿಂಕ್ ವರ್ಷವಿಡೀ ತೆರೆದಿರುತ್ತದೆ.