ಕ್ರ್ಯಾಶ್ ಆಗುವುದು ಒಂದೇ ಕಡೆಯೋ, ಕಂಡಕಂಡಲ್ಲೋ?

ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ ಅಂದರೆ ಸಾಕು, ‘ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೆಸಿಬಿಡಿ’ ಅನ್ನುವವರು ಹತ್ತು ಜನ ಸಿಗುತ್ತಾರೆ. ಕೆಟ್ಟಿರುವುದು ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಆಗಿದ್ದರೆ ಫೈಲುಗಳೆಲ್ಲ ಹೋಗಿ ಕ್ರ್ಯಾಶ್ ಮಾತ್ರ ಉಳಿಯುತ್ತದೆ.

ಮೊದಲು ಗಮನಿಸಬೇಕಾದದ್ದು, ಬೀಳುವುದು ಎಲ್ಲಿ ಅಂತ. ಇಂಥದೇ ಫೈಲ್ ತೆರೆದು ಇಂಥದೇ ಬಟನ್ ಒತ್ತಿದಾಗ ಪ್ರತಿ ಸಲವೂ ಬಿದ್ದು, ಪಕ್ಕದ ಕಂಪ್ಯೂಟರಿನಲ್ಲೂ ಹಾಗೇ ಆದರೆ ತಪ್ಪು ಬಹುತೇಕ ಪ್ರೋಗ್ರಾಮಿನದು. ಇವತ್ತು ಬ್ರೌಸರ್, ನಾಳೆ ಹಾಡು ಕೇಳುವಾಗ, ನಾಡಿದ್ದು ಸುಮ್ಮನೆ ಬಿಟ್ಟಿದ್ದಾಗಲೂ ವಿಂಡೋಸ್ ಕುಸಿದು ನೀಲಿ ಅಥವಾ ಕಪ್ಪು ಪರದೆ ಬಂದರೆ ಹಾರ್ಡ್‌ವೇರ್ ಮೇಲೆ ಅನುಮಾನಪಡಿ.

8 ಜಿಬಿ ರ‍್ಯಾಮ್ ಅಂದರೆ ಸುಮಾರು 6,870 ಕೋಟಿ ಬಿಟ್, ಅಂದರೆ 0 ಅಥವಾ 1 ಇಟ್ಟುಕೊಳ್ಳುವ ಪುಟ್ಟ ಜಾಗಗಳು. ಅದರಲ್ಲಿ ಒಂದು ಕೆಟ್ಟಿದೆ ಅಂದುಕೊಳ್ಳಿ. ಕಾಲು ಮುರಿದ ಸೀಟಿರುವ ಬಸ್ಸಿನ ಹಾಗೆ ಇದು: ಬೀಳುವವರು ಟ್ರಿಪ್ಪಿಗೊಬ್ಬರು, ಸೀಟು ಮಾತ್ರ ಅದೇ. ಯಾವ ಪ್ರೋಗ್ರಾಮನ್ನು ಎಲ್ಲಿ ಕೂರಿಸಬೇಕೆಂದು ಆಪರೇಟಿಂಗ್ ಸಿಸ್ಟಂ ಆ ಹೊತ್ತಿಗೆ ಖಾಲಿ ಇರುವ ಜಾಗ ನೋಡಿ ತೀರ್ಮಾನಿಸುತ್ತದೆ. ಯಾರೂ ಕೂರದ ದಿನ ಎಲ್ಲವೂ ಸರಿ. ಆ ಜಾಗದಲ್ಲಿ ಚಿತ್ರವೊಂದರ ಚುಕ್ಕೆ ಇದ್ದರೆ ಬಣ್ಣ ಕೊಂಚ ಬದಲಾದೀತು, ಯಾರಿಗೂ ಕಾಣದು. ಪ್ರೋಗ್ರಾಮಿನ ಆದೇಶ ಇದ್ದರೆ ಕಥೆ ಮುಗಿಯಿತು.

1990ರ ದಶಕದಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅನ್ನು ಕಂಪೈಲ್ ಮಾಡುತ್ತಿದ್ದವರಿಗೆ (ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಮಾಗಿ ಬದಲಿಸುತ್ತಿದ್ದವರಿಗೆ) ಇದರ ರುಚಿ ಚೆನ್ನಾಗಿ ಗೊತ್ತು. ‘ಸಿಗ್ನಲ್ 11’ (ಮೆಮೊರಿಯ ತಪ್ಪು ಜಾಗಕ್ಕೆ ಕೈಹಾಕಿದ ಸೂಚನೆ) ಅಂತ ಕಂಪೈಲರ್ ನಿಲ್ಲುತ್ತಿತ್ತು. ಮತ್ತೆ ಓಡಿಸಿದರೆ ಅದೇ ಫೈಲನ್ನು ಸಲೀಸಾಗಿ ದಾಟಿ ಇನ್ನೆಲ್ಲೋ ಮುಗ್ಗರಿಸುತ್ತಿತ್ತು. ಮುಂದೆ ಜಿಸಿಸಿ ಕಂಪೈಲರ್‌ಗೇ ಈ ಬುದ್ಧಿ ಕಲಿಸಿದರು: ತಾನು ಬಿದ್ದ ಕೆಲಸವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿ, ದೋಷ ಮರುಕಳಿಸದಿದ್ದರೆ ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಂ ಸಮಸ್ಯೆ ಇರಬಹುದು ಅಂತ ಹೇಳುತ್ತದೆ. ನನಗಂತೂ ಬಹಳ ಇಷ್ಟವಾದ ಉಪಾಯ.

ಕಣ್ಣುಮುಚ್ಚಾಲೆ ಆಡುವ ಸಾಫ್ಟ್‌ವೇರ್ ದೋಷಗಳೂ ಇವೆ, ನಿಜ. ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ಡಿಕ್ಕಿ ಹೊಡೆದಾಗ ಮಾತ್ರ ಅವುಗಳಲ್ಲಿ ಕೆಲವು ಕಾಣಿಸಿಕೊಳ್ಳುತ್ತವೆ. ಎರರ್ ಮೆಸೇಜನ್ನೂ ಪೂರ್ತಿ ನಂಬುವಂತಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆಟ ಶುರುವಾಗುತ್ತಲೇ ‘ವಿಡಿಯೊ ಮೆಮೊರಿ ಸಾಲದು’ ಅಂತ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇತ್ತು. ಜನ ಡ್ರೈವರ್ ಬದಲಿಸಿ ಬದಲಿಸಿ ಸುಸ್ತಾದರು. ಪ್ರೊಸೆಸರ್‌ಗೆ ಅತಿಯಾದ ವೋಲ್ಟೇಜ್ ಹೋಗಿ ಒಳಗಿನ ಸರ್ಕ್ಯೂಟೇ ಸವೆಯುತ್ತಿದೆ ಅಂತ ಇಂಟೆಲ್ ಒಪ್ಪಿಕೊಂಡದ್ದು 2024ರಲ್ಲಿ. ಪ್ರೊಸೆಸರಿನ ಒಳಗೇ ಓಡುವ ಸೂಚನೆಗಳಿಗೆ, ಅಂದರೆ ಮೈಕ್ರೊಕೋಡ್‌ಗೆ, ತಿದ್ದುಪಡಿ ಬಂತು, ವಾರಂಟಿ 2 ವರ್ಷ ಹೆಚ್ಚಿತು. ಆಗಲೇ ಹಾಳಾಗಿದ್ದ ಚಿಪ್‌ಗಳನ್ನು ಬದಲಿಸದೆ ಗತಿ ಇರಲಿಲ್ಲ.

ಮನೆಯಲ್ಲಿ ಪರೀಕ್ಷಿಸುವವರು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮಾದ ಮೆಮ್‌ಟೆಸ್ಟ್ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಅಲಕ್ಷಿಸಬೇಡಿ. ಆಮೇಲೆ ರ‍್ಯಾಮ್ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಅಂಗಡಿಯವರು ಅವುಗಳ ಅಂಚಿನ ಲೋಹದ ಕಾಲುಗಳನ್ನು ರಬ್ಬರಿನಿಂದ ಉಜ್ಜುವುದು ಮಂತ್ರವೇನಲ್ಲ, ಕೊಳೆ ಹೋಗುತ್ತದೆ. ಎಷ್ಟೋ ಸಲ ಬಿಚ್ಚಿ ಗಟ್ಟಿಯಾಗಿ ಕೂರಿಸಿದ್ದಕ್ಕೇ ಸರಿಹೋಗಿರುತ್ತದೆ. ಸ್ಟಿಕ್ ಅನ್ನು ಬೇರೆ ಸ್ಲಾಟಿಗೆ (ಅದು ಕೂರುವ ಗಾಡಿಗೆ) ಹಾಕಿದಾಗ ತಪ್ಪೂ ಅದರ ಹಿಂದೆಯೇ ಹೋದರೆ ಸ್ಟಿಕ್ ಕೆಟ್ಟಿದೆ, ಹಳೇ ಸ್ಲಾಟಿನಲ್ಲೇ ಉಳಿದರೆ ಮದರ್‌ಬೋರ್ಡ್ ಕಡೆ ನೋಡಿ.