ಟೆಂಪೋದೊಳಗೊಂದು ಬೆಂಜ್ ಕಾರು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಟೆಂಪೋ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬಸ್ ತಪ್ಪಿದರೆ ಟೆಂಪೋ, ಪೇಟೆಗೆ ಟೆಂಪೋ, ಮದುವೆ ದಿಬ್ಬಣಕ್ಕೂ ಟೆಂಪೋ. ನಾನು ಕಾಲೇಜಿಗೆ ಹೋಗುವಾಗ ಮಳೆಗಾಲದಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಪೈಪೋಟಿ ಇರುತ್ತಿತ್ತು. ಎಂಜಿನ್ ಮುಚ್ಚಿದ ಉಬ್ಬು ಅಲ್ಲಿ ಕಾಲಿಗೆ ತಾಗುತ್ತದೆ. ಕುಮಟಾ ಬಿಟ್ಟು ಹೊನ್ನಾವರ ಮುಟ್ಟುವಷ್ಟರಲ್ಲಿ ಒದ್ದೆ ಪ್ಯಾಂಟು ಅರ್ಧ ಒಣಗಿರುತ್ತಿತ್ತು.

ಆ ಬಿಸಿ ಮೂಲದಲ್ಲಿ ಕಾರಿನ ಎಂಜಿನ್‌ದು. ಅದೂ ಮರ್ಸಿಡಿಸ್ ಬೆಂಜ್ ಕಾರಿನದು!

ಡೀಸೆಲ್ ಕಾರನ್ನು ಸಾಲಾಗಿ ತಯಾರಿಸಿ ಮಾರುವ ಕೆಲಸವನ್ನು ಬೆಂಜ್ 1936ರಲ್ಲೇ 260ಡಿ ಮೂಲಕ ಶುರು ಮಾಡಿತ್ತು. ನಮ್ಮ ಟೆಂಪೋ ಎಂಜಿನ್ನಿನ ವಂಶ ಹಿಡಿದು ಹೋದರೆ 1958ರ 190ಡಿ ಕಾರು ಸಿಗುತ್ತದೆ. ಅದರ ಎಂಜಿನ್ ಹೆಸರು ಒಎಂ 621. ಒಎಂ ಅಂದರೆ ಜರ್ಮನ್ನಿನಲ್ಲಿ ಎಣ್ಣೆ ಎಂಜಿನ್, ಅಷ್ಟೇ. ಅದು ಬೆಳೆದು ಒಎಂ 615 ಆಯಿತು. 1973ರಲ್ಲಿ 240ಡಿ ಕಾರಿಗೆಂದು 2.4 ಲೀಟರಿನ ಒಎಂ 616 ಬಂತು. ನಾಲ್ಕು ಸಿಲಿಂಡರ್, 65 ಅಶ್ವಶಕ್ತಿ. ಇದಕ್ಕೇ ಇನ್ನೊಂದು ಸಿಲಿಂಡರ್ ಸೇರಿಸಿ ಒಎಂ 617 ಮಾಡಿದರು.

65 ಅಶ್ವಶಕ್ತಿ ಇವತ್ತು ಸಣ್ಣ ಪೆಟ್ರೋಲ್ ಕಾರಿಗೂ ಇರುತ್ತದೆ. ಆದರೆ ಜರ್ಮನಿಯ ಟ್ಯಾಕ್ಸಿಯವರು 240ಡಿಯನ್ನು ಇಷ್ಟಪಟ್ಟದ್ದು ವೇಗಕ್ಕಲ್ಲ, ಬಾಳಿಕೆಗೆ. ಗಟ್ಟಿ ಎರಕದ ಕಬ್ಬಿಣದ ಬ್ಲಾಕ್. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸಲು ಬೆಲ್ಟ್ ಅಲ್ಲ, ಚೈನು. ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ. ತಲೆಯಲ್ಲಿರುವ ಪುಟ್ಟ ಕೋಣೆಗೆ ಬಿದ್ದು, ಅಲ್ಲಿ ಹೊತ್ತಿಕೊಂಡು, ಆಮೇಲೆ ಕೆಳಗೆ ನುಗ್ಗುತ್ತದೆ. ಹಾಗಾಗಿ ಪಿಸ್ಟನ್ ಮೇಲೆ ಏಟು ಮೆತ್ತಗೆ. ಆದರೆ ಕೋಣೆಯ ಗೋಡೆ ಸ್ವಲ್ಪ ಬಿಸಿ ನುಂಗಿಬಿಡುತ್ತದೆ. ಅದಕ್ಕೇ ಡೀಸೆಲ್ ಒಂದಿಷ್ಟು ಜಾಸ್ತಿ ಕುಡಿಯುತ್ತದೆ, ಬೆಳಿಗ್ಗೆ ಆ ಕೋಣೆ ಬಿಸಿ ಮಾಡಲು ಹೀಟರ್ ಪ್ಲಗ್ಗೂ ಬೇಕು. ಮೊದಲ ಟ್ರಿಪ್ಪಿನ ಡ್ರೈವರು ಕೀ ತಿರುಗಿಸಿ ಸುಮ್ನೆ ಕೂತಿರುತ್ತಿದ್ದರು, ನೆನಪಿದೆ ಅಲ್ವಾ? ಸ್ವಲ್ಪ ಹೊತ್ತು ಕಾದು ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು, ಹಿಂದೆ ಬಿಳಿ ಹೊಗೆ.

ಟೆಂಪೋ ಅನ್ನುವ ಹೆಸರೂ ಜರ್ಮನಿಯದೇ. ಹ್ಯಾಂಬರ್ಗ್ ಕಡೆಯ ವಿಡಾಲ್ ಮನೆತನದ ಕಂಪನಿ ತನ್ನ ಗಾಡಿಗಳಿಗೆ ಇಟ್ಟಿದ್ದ ಹೆಸರು ಅದು. ಅವರ ಜೊತೆಗಾರಿಕೆಯಲ್ಲಿ 1958ರಲ್ಲಿ ನಮ್ಮ ದೇಶದಲ್ಲಿ ಬಜಾಜ್ ಟೆಂಪೋ ಕಂಪನಿ ಹುಟ್ಟಿತು. 1980ರ ದಶಕದಲ್ಲಿ ಆ ಕಂಪನಿ ಒಎಂ 616 ಎಂಜಿನ್ನನ್ನು ಇಲ್ಲೇ ತಯಾರಿಸತೊಡಗಿತು. ಅದರ ಟ್ರಾವೆಲರ್, ಟ್ರಾಕ್ಸ್ ಎಂಬ ಗಾಡಿಗಳೆರಡರಲ್ಲೂ ಅದೇ ಎಂಜಿನ್. ಐದು ಜನರ ಕಾರಿಗೆಂದು ಮಾಡಿದ್ದು, ನಮ್ಮಲ್ಲಿ ಹದಿನೈದಿಪ್ಪತ್ತು ಜನರನ್ನು ಹೊತ್ತು ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುತ್ತಿತ್ತು. ನಿಧಾನ ನಿಜ, ಎರಡನೇ ಗೇರಿನಲ್ಲಿ ಗುಂಯ್‌ಗುಡುತ್ತಾ ಹತ್ತುತ್ತಿತ್ತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಂಪು, ನಾಝಲ್ ಬಿಚ್ಚಿ ರಿಪೇರಿ ಮಾಡುವ ಮೇಸ್ತ್ರಿ ಪೇಟೆಯಲ್ಲೇ ಸಿಗುತ್ತಿದ್ದರು. ಈ ಎಂಜಿನ್ ಇಲ್ಲಿ ಇಷ್ಟು ಕಾಲ ನಿಂತದ್ದಕ್ಕೆ ಅದೇ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಆಯಿತು. ಎಂಜಿನ್ 2.6 ಲೀಟರಿಗೆ ಹಿಗ್ಗಿತು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬಂತು. ಹೊಗೆಯ ನಿಯಮ ಬಿಗಿಯಾದಂತೆ ಹಳೇ ಪಂಪಿನ ಜಾಗಕ್ಕೆ ಕಂಪ್ಯೂಟರ್ ಹೇಳಿದಷ್ಟೇ ಡೀಸೆಲ್ ಬಿಡುವ ಕಾಮನ್ ರೈಲ್ ಬಂತು. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಇನ್ನೂ ಬಿಗಿಯಾದ ಹೊಗೆ ನಿಯಮ. ಈಗಿನ ಟೆಂಪೋ ಕೆಟ್ಟರೆ ಮೇಸ್ತ್ರಿ ಮೊದಲು ಸ್ಕ್ಯಾನರ್ ಚುಚ್ಚುತ್ತಾರೆ, ಸ್ಪ್ಯಾನರ್ ಆಮೇಲೆ.