ಗಾಡಿ ವಾಲುವುದು ಯಾರಿಗಾಗಿ?

ಜಪಾನ್ ಸುತ್ತಿ ಬಂದವರಲ್ಲಿ ಒಕಾಯಾಮಾದಿಂದ ಇಜುಮೊ ಕಡೆಗೆ ಹೋಗುವ 'ಯಾಕುಮೊ' ಎಕ್ಸ್‌ಪ್ರೆಸ್ ಹತ್ತಿದವರು ಸಿಕ್ಕರೆ ನನಗೆ ಒಳಗೊಳಗೇ ದಿಗಿಲು. ರೈಲುಗಾಡಿ ವಿನ್ಯಾಸದ ಕೆಲಸದವನು ನಾನೆಂದು ತಿಳಿದೊಡನೆ ಅವರು ಕೇಳುವುದು ಒಂದೇ: "ತಿರುವಿನಲ್ಲಿ ಹಾಗೆ ವಾಲದಿದ್ದರೆ ಗಾಡಿ ಮಗುಚಿಯೇ ಬೀಳುತ್ತಿತ್ತು, ಅಲ್ಲವೇ ಸರ್?" ತರಬೇತಿಗೆ ಬರುವ ಎಂಜಿನಿಯರುಗಳೂ ಇದನ್ನೇ ಕೇಳುತ್ತಾರೆ. ಅವರನ್ನು ಮಾತ್ರ ಗದರುತ್ತೇನೆ.

ಗಾಡಿ ವಾಲುವುದು ಒಳಗೆ ಕುಳಿತವರ ಸೌಖ್ಯಕ್ಕೆ. ಸುಸ್ಥಿತಿಯ ಹಳಿಯ ಮೇಲೆ ಗಾಡಿ ಮಗುಚುವ ವೇಗ ಬಹಳ ಮೇಲಿರುತ್ತದೆ. ಅದಕ್ಕೆ ಎಷ್ಟೋ ಮೊದಲೇ ಪ್ರಯಾಣಿಕರು ಹೊರಬದಿಗೆ ಜರುಗಿ, ಚಹಾ ಚೆಲ್ಲಿ, ಶಾಪ ಹಾಕತೊಡಗುತ್ತಾರೆ. ವೇಗಕ್ಕೆ ಮೊದಲು ಅಡ್ಡ ಬರುವುದು ಅವರ ಸಹನೆ. ಡಬ್ಬಿಯನ್ನು ಒಳಬದಿಗೆ ವಾಲಿಸಿದರೆ ಆ ಎಳೆತ ಆಸನದತ್ತ ತಿರುಗುತ್ತದೆ, ಸಾಮಾನ್ಯ ಗಾಡಿಗಿಂತ ಗಂಟೆಗೆ ಸುಮಾರು 20 ಕಿ.ಮೀ. ಹೆಚ್ಚು ವೇಗದಲ್ಲಿ ತಿರುವು ದಾಟಬಹುದು.

1973ರಲ್ಲಿ ನಾಗೋಯಾ–ನಾಗಾನೊ ನಡುವಿನ 'ಶಿನಾನೊ' ಸೇವೆಗೆ ಬಂದ 381 ಸರಣಿಯ ಗಾಡಿ ಇದನ್ನು ಮೋಟರಿನ ಹಂಗಿಲ್ಲದೆ ಮಾಡಿತು. ಡಬ್ಬಿ ಕೂರುವುದು ಉರುಳೆಗಳ ಮೇಲೆ. ತಿರುಗುವ ಕೇಂದ್ರ ಭಾರಕೇಂದ್ರಕ್ಕಿಂತ ಮೇಲೆ. ತಿರುವಿನಲ್ಲಿ ಡಬ್ಬಿಯ ಕೆಳಭಾಗ ತಾನಾಗಿ ಹೊರಕ್ಕೆ ತೂಗಿ, ಮೇಲ್ಭಾಗ ಐದು ಡಿಗ್ರಿಯವರೆಗೆ ಒಳಕ್ಕೆ ಬಾಗುತ್ತದೆ. ಬೈಕ್ ಸವಾರ ಮೈಭಾರವನ್ನು ಒಳಕ್ಕೆ ಹಾಕುತ್ತಾನೆ. ಇಲ್ಲಿ ಅದು ತಿರುಗುಮುರುಗು: ಭಾರ ಸರಿಯುವುದು ಹೊರಬದಿಗೇ! ಅಂದರೆ ವಾಲುವುದರಿಂದ ಮಗುಚದಿರುವ ಭದ್ರತೆ ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಅದಕ್ಕೇ ವಿನ್ಯಾಸಕಾರರು ಡಬ್ಬಿಗೆ ಅಲ್ಯೂಮಿನಿಯಂ ಬಳಸಿದರು, ಚಾವಣಿಯ ಮೇಲಿರಬೇಕಾದ ಏರ್ ಕಂಡಿಷನರನ್ನು ನೆಲದಡಿಗೆ ಇಳಿಸಿದರು. ವಾಲುವುದೇ ರಕ್ಷಣೆಯಾಗಿದ್ದರೆ ಈ ಪಡಿಪಾಟಲು ಏಕೆ?

ಚಾವಣಿ ಒಳಕ್ಕೆ ಸರಿದಾಗ ಅದರ ಮೇಲಿನ ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟು) ಕೂಡ ಸರಿಯುತ್ತದೆ. ಆದ್ದರಿಂದ ತಿರುವುಗಳಲ್ಲಿ ವಿದ್ಯುತ್ ತಂತಿಯನ್ನೂ ಅದಕ್ಕೆ ಹೊಂದಿಸಬೇಕು. ಗಾಡಿ ಕೊಂಡು ತಂದು ಯಾವುದೋ ಹಳಿಯ ಮೇಲೆ ನಿಲ್ಲಿಸಿದರಾಯಿತು ಎನ್ನುವವರು ಇದನ್ನು ಗಮನಿಸಬೇಕು.

ಸೌಖ್ಯಕ್ಕೆಂದು ಮಾಡಿದ ಗಾಡಿಯೇ ಹೊಟ್ಟೆ ತೊಳಸಿದ್ದು ಬೇರೆ ಕಥೆ. ಉರುಳೆಗಳ ಘರ್ಷಣೆಯಿಂದ ಡಬ್ಬಿ ತಿರುವಿನ ಆರಂಭದಲ್ಲಿ ಕದಲದೆ ನಿಂತು, ಆಮೇಲೆ ಒಮ್ಮೆಲೇ ಬಾಗುತ್ತಿತ್ತು. ತಿರುವು ಮುಗಿದ ಮೇಲೆ ಮತ್ತೆ ತಡವಾಗಿ ನೆಟ್ಟಗಾಗುತ್ತಿತ್ತು. 1982ರಲ್ಲಿ ಹಾಕುಬಿ ಮಾರ್ಗ ವಿದ್ಯುದೀಕರಣವಾದಾಗ ಇದೇ ಗಾಡಿ ಯಾಕುಮೊ ಸೇವೆಗೆ ಬಂತು. ತಾಕಾಹಾಶಿ ನದಿಯ ಪಕ್ಕದ ಆ ಹಾದಿಯಲ್ಲಿ ತಿರುವಿನ ಮೇಲೆ ತಿರುವು. ಗಾಡಿಯಲ್ಲೇ ವಾಂತಿ ಚೀಲಗಳನ್ನು ಇಟ್ಟಿದ್ದರು. ನಾನು ಹೋದಾಗ ಪಕ್ಕದ ಸಾಲಿನ ಅಜ್ಜಿಯೊಬ್ಬರು ಚೀಲವನ್ನು ನೀಟಾಗಿ ಮಡಚಿ ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದರು. ಅಭ್ಯಾಸವಾದವರ ಗತ್ತು!

2024ರ ಏಪ್ರಿಲ್‌ನಲ್ಲಿ 273 ಸರಣಿ ಬಂದು, ಜೂನ್ ಹೊತ್ತಿಗೆ ಯಾಕುಮೊದ ನಿತ್ಯಸೇವೆಯಿಂದ 381 ನಿವೃತ್ತವಾಯಿತು. ಹೊಸ ಗಾಡಿಯ ಬಳಿ ಹಾದಿಯ ತಿರುವುಗಳ ಮಾಹಿತಿಯೆಲ್ಲ ಇದೆ. ಗಾಡಿ ತಿರುಗುವುದನ್ನು ಗುರುತಿಸುವ ಗೈರೋ ಸಂವೇದಕದ ಅಳತೆಯೊಂದಿಗೆ ಅದನ್ನು ತಾಳೆ ನೋಡಿ ತಕ್ಕ ಹೊತ್ತಿಗೆ ವಾಲುತ್ತದೆ. ಹಾಗೆಂದು ಯಾರಿಗೂ ತಲೆ ಸುತ್ತುವುದಿಲ್ಲವೆಂದು ನಾನು ಬರೆದುಕೊಡಲಾರೆ. ಒಕಾಯಾಮಾದಲ್ಲಿ ಹೊಟ್ಟೆ ಬಿರಿಯ ಉಂಡು, ಮೊಬೈಲ್‌ನಲ್ಲಿ ಮುಖ ಹುದುಗಿಸಿ ಕುಳಿತವರನ್ನು ಯಾವ ಎಂಜಿನಿಯರೂ ಕಾಯಲಾರ.